ಮೋಟಾರು ಬಂಡಿಯ ಯಂತ್ರವು ನಡೆಯುವ ಬಗೆ

ಮೋಟಾರು ಬಂಡಿಯಲ್ಲಿ ಕುಳಿತು ಪ್ರಯಾಣ ಮಾಡದಿರುವವರು ಈಗ ನಮ್ಮ ನಾಡಿನಲ್ಲಿ ಬಲು ವಿರಳ. ಆದರೆ ಆ ಬಂಡಿಯು ನಡುದಾರಿಯಲ್ಲಿ ನಿಂತುಹೋದಾಗ ಅದರ ಮುಂಭಾಗದ ಮುಚ್ಚಳವನ್ನೆತ್ತಿ ಒಳಗೆ ನೋಡುವವರು ಯಾರು? ತಂದೆ, ಅಣ್ಣ, ಚಾಲಕ. ಇವರಾರೂ ಇಲ್ಲದಿದ್ದರೆ ಯಾವನಾದರೊಬ್ಬ ದಾರಿಹೋಕ. ಹೆಣ್ಣುಮಕ್ಕಳು ಮರದ ನೆರಳಿನಲ್ಲಿ ನಿಂತು ಕಾಯುವರು. ಇದು ನಿಮ್ಮ ಬುದ್ಧಿಗೆ ನಿಲುಕುವ ವಿಷಯವಲ್ಲವೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಿರಲಾರರು. ಆದರೂ ಹೇಳಿದಂತೆಯೇ ಆಗಿದೆ. ಮೋಟಾರು ಯಂತ್ರವನ್ನು ತಿಳಿಯುವುದಕ್ಕೆ ತೋಳಿನ ಬಲವು ಬೇಕಾಗಿಲ್ಲ, ಕ್ರಮವಾಗಿ ಆಲೋಚಿಸುವ ಅಭ್ಯಾಸವಿದ್ದರೆ ಸಾಕು ಎಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈಗ ಓದುತ್ತಿರುವ ಬಾಲಕಿಯರ ತಂದೆತಾಯಿಗಳೂ ಇದನ್ನು ಮನೆಯ ಮಕ್ಕಳೊಡನೆ ಕುಳಿತು ಓದಬೇಕೆಂದು ಕೋರುತ್ತೇವೆ.

ಬೆಂಕಿಯು ಕೆಲಸಮಾಡುವ ರೀತಿ

ಒಲೆಯ ಮೇಲೆ ಪಾತ್ರೆಯು ಕುದಿಯುವಾಗ ಅದರ ಮುಚ್ಚಳವು ತಟತಟನೆ ಎದ್ದು ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಹಬೆಯಾದ ಕೂಡಲೆ ಅದಕ್ಕೆ ಹೆಚ್ಚಾದ ಸ್ಥಳವು ಬೇಕಾಗುವುದು; ಸ್ಥಳ ಸಿಕ್ಕದಿದ್ದರೆ ತನಗೆ ಅಡ್ಡವಾಗಿರುವುದನ್ನು ಅದು ತಳ್ಳುವುದು. ಹಳೆಯ ಕಾಲದ ಉಗಿಯಂತ್ರಗಳಲ್ಲಿ ಅನೇಕವು ಈ ತಳ್ಳುವಿಕೆಯಿಂದ ನಡೆದವು. ಅವುಗಳಲ್ಲಿ ಬೆಂಕಿಯು ಒಂದೆಡೆ, ಕೆಲಸವು ಮತ್ತೊಂದೆಡೆ. ಮೋಟಾರು ಯಂತ್ರದಲ್ಲಿಯಾದರೋ ಕೆಲಸವು ನಡೆಯುವ ಕೊಳವಿಯ ಒಳಗೇ ಬೆಂಕಿಯು ಹುಟ್ಟಿ ಒಳಗೇ ಆರುತ್ತದೆ. ಆದಕಾರಣವೇ ಇದಕ್ಕೆ ಅಂತರ್ದಹನ ಯಂತ್ರವೆಂದು ಹೆಸರು. ಪೆಟ್ರೋಲಿನ ಆವಿಯು ಗಾಳಿಯೊಡನೆ ಬೆರೆತು ಉರಿದಾಗ ಕೊಳವಿಯಲ್ಲಿರುವ ಅನಿಲವು 2000 ಡಿಗ್ರಿ ಸೆಂಟಿಗ್ರೇಡಿಗಿಂತಲೂ ಹೆಚ್ಚಾಗಿ ಕಾದು, ಹಿಗ್ಗಿ, ಎದುರಿಗಿರುವುದನ್ನು ಬಲವಾಗಿ ನೂಕುವುದು.

ಯಂತ್ರದ ಅಂಗಗಳು

ಹೀಗೆ ನೂಕಲ್ಪಡುವ ಅಂಗಕ್ಕೆ ಪಿಸ್ಟನ್ ಎಂದು ಹೆಸರು. ಇದು ಸಿಲಿಂಡರೆಂಬ ಕೊಳವಿಯಲ್ಲಿ ಬಿಗಿಯಾಗಿ ಕುಳಿತು ಮೇಲೂ ಕೆಳಗೂ ಜಾರುವ ಬಿರಡೆಯಂತಿದೆ. ಆದರೆ ಬಂಡಿಯ ಗಾಲಿಗಳು ಮೇಲೆ ಕೆಳಗೆ ಹೋಗತಕ್ಕವಲ್ಲ, ಸುತ್ತತಕ್ಕವು. ಈ ಮಾರ್ಪಾಡು ಹೇಗೆ ಆಗುವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಕಾಲಿನಿಂದಲೇ ಬಲ್ಲರು. ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವನ್ನು ಜ್ಞಾಪಿಸಿಕೊಳ್ಳಿರಿ. ಪಾದವು ತುಳಿಹಲಗೆಯನ್ನು ಮೇಲೆ ಕೆಳಗೆ ಆಡಿಸುವುದು. ಹಲಗೆಗೆ ಸೇರಿದ ಕಂಬಿಯು ಚಕ್ರದ ನಡುವಿನಿಂದ ಸ್ವಲ್ಪ ದೂರದಲ್ಲಿ ಸಿಕ್ಕಿಸಲ್ಪಟ್ಟಿರುವುದರಿಂದ ಚಕ್ರವು ಸುತ್ತುವುದು. ಮೋಟಾರಿನಲ್ಲಿ ಪಿಸ್ಟನ್ನೇ ತುಳಿಯುವ ಪಾದ. ಅದರಿಂದ ಇಳಿದಿರುವ ಕನೆಕ್ಟಿಂಗ್ ರಾಡು ಆ ಕಂಬಿ. ಕೆಳಗೆ ಮಣಿಮಣಿಯಾಗಿ ಬಾಗಿರುವ ಕ್ರ್ಯಾಂಕ್ ಷಾಫ್ಟೆಂಬ ಅಚ್ಚು ಸುತ್ತುವ ಭಾಗ. ಸಿಲಿಂಡರಿನ ನೆತ್ತಿಯಲ್ಲಿ ವಾಲ್ವುಗಳೆಂಬ ಚಿಕ್ಕ ಬಾಗಿಲುಗಳಿವೆ: ಒಳಕ್ಕೆ ಬಿಡುವುದೊಂದು, ಹೊರಕ್ಕೆ ಬಿಡುವುದೊಂದು. ಅಲ್ಲಿಯೇ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗೂ ಇದೆ.

ನಾಲ್ಕು ನಡೆಗಳು

ಜರ್ಮನಿಯ ನಿಕೋಲಸ್ ಆಟೋ ಎಂಬವರು 1876ರಲ್ಲಿ ನಾಲ್ಕು ನಡೆಗಳ ಯಂತ್ರವನ್ನು ಯಶಸ್ವಿಯಾಗಿ ನಡೆಯಿಸಿದರು. ಇಂದಿನ ಪೆಟ್ರೋಲ್ ಕಾರುಗಳಲ್ಲಿಯೂ ನಡೆಯುವ ಕ್ರಮವು ಮುಖ್ಯವಾಗಿ ಅದೇ.

ಮೊದಲನೆಯದು ಸೇದುವ ನಡೆ. ಒಳಬಾಗಿಲು ತೆರೆಯುವುದು, ಪಿಸ್ಟನ್ ಕೆಳಗಿಳಿಯುವುದು, ಗಾಳಿಯೂ ಪೆಟ್ರೋಲಿನ ತುಂತುರೂ ಒಳಕ್ಕೆ ಬರುವುವು.

ಎರಡನೆಯದು ಅದುಮುವ ನಡೆ. ಎರಡು ಬಾಗಿಲುಗಳೂ ಮುಚ್ಚಿರುವಾಗ ಪಿಸ್ಟನ್ ಮೇಲಕ್ಕೇರಿ ಆ ಮಿಶ್ರಣವನ್ನು ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಸ್ಥಳಕ್ಕೆ ಅದುಮುವುದು. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿಯು ಬಿಸಿಯಾಗುವಂತೆ ಇಲ್ಲಿಯೂ ಮಿಶ್ರಣವು ಬಿಸಿಯಾಗುವುದು. ಅದುಮಿದಷ್ಟೂ ಮುಂದಿನ ನೂಕು ಬಲವಾಗುವುದು.

ಮೂರನೆಯದು ಉರಿಯುವ ನಡೆ. ಕಿಡಿಯು ಹಾರುವುದು, ಮಿಶ್ರಣವು ಹೊತ್ತಿಕೊಳ್ಳುವುದು, ಪಿಸ್ಟನ್ ಕೆಳಕ್ಕೆ ನೂಕಲ್ಪಡುವುದು.

ನಾಲ್ಕನೆಯದು ಹೊರದೂಡುವ ನಡೆ. ಹೊರಬಾಗಿಲು ತೆರೆಯುವುದು, ಮೇಲಕ್ಕೆ ಬರುವ ಪಿಸ್ಟನ್ ಸುಟ್ಟ ಅನಿಲವನ್ನು ಹೊರಕ್ಕೆ ಅಟ್ಟುವುದು. ಬಳಿಕ ತಿರಿಗಿ ಮೊದಲನೆಯ ನಡೆ.

ಇಲ್ಲಿ ಓದುವವರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ನಾಲ್ಕರಲ್ಲಿ ದುಡಿಯುವ ನಡೆಯು ಒಂದೇ. ಉಳಿದ ಮೂರು ದುಡಿಮೆಗೆ ಸಿದ್ಧತೆ ಅಥವಾ ಚೊಕ್ಕಟಮಾಡುವಿಕೆ. ಆ ಮೂರನ್ನು ನಡೆಯಿಸುವ ಬಲವೆಲ್ಲಿಯದು? ಹೊಲಿಗೆಯ ಯಂತ್ರದ ಚಕ್ರವು ಪಾದವನ್ನು ತೆಗೆದ ಮೇಲೂ ಕೆಲವು ಸುತ್ತು ತಿರುಗುವುದಷ್ಟೆ. ಹಾಗೆಯೇ ಮೋಟಾರಿನ ಅಚ್ಚಿನ ಕೊನೆಯಲ್ಲಿ ಫ್ಲೈವೀಲೆಂಬ ಭಾರವಾದ ಚಕ್ರವಿದೆ. ಒಂದು ನಡೆಯಲ್ಲಿ ಗಳಿಸಿದ ವೇಗವನ್ನು ಅದು ಕೂಡಿಟ್ಟುಕೊಂಡು ಉಳಿದ ಮೂರಕ್ಕೆ ವೆಚ್ಚಮಾಡುವುದು. ಇದಲ್ಲದೆ ನಾಲ್ಕು ಸಿಲಿಂಡರುಗಳುಳ್ಳ ಯಂತ್ರದಲ್ಲಿ ಒಂದು ಸೇದುವಾಗ ಮತ್ತೊಂದು ಅದುಮುತ್ತಲೂ, ಇನ್ನೊಂದು ಉರಿಯುತ್ತಲೂ, ಮಗುದೊಂದು ಹೊರದೂಡುತ್ತಲೂ ಇರುವುದರಿಂದ ದುಡಿಮೆಗೆ ಬಿಡುವೇ ಇರುವುದಿಲ್ಲ. ಅಚ್ಚು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತಿ ಆರುವುದು.

ಒಬ್ಬ ಮಹಿಳೆಯ ಪ್ರಯಾಣ

ಯಂತ್ರವು ಚೆನ್ನಾಗಿ ನಡೆಯುವಾಗ ಅದರ ಅಂಗಗಳು ಯಾರ ಗಮನಕ್ಕೂ ಬಾರವು. ನಿಂತಾಗಲೇ ಅವು ಪಾಠ ಹೇಳುವುವು. ಇದಕ್ಕೆ ಮೋಟಾರಿನ ಚರಿತ್ರೆಯ ಆರಂಭದಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ.

ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದ ಕಾರ್ಲ್ ಬೆನ್ಸ್ ಎಂಬವರು ಪೆಟ್ರೋಲಿಯಮ್ಮಿನ ಆವಿಯಿಂದ ನಡೆಯುವ ಮೂರು ಗಾಲಿಯ ಬಂಡಿಯೊಂದನ್ನು ಕಟ್ಟಿ 1886ನೆಯ ಜನವರಿ 29ರಂದು ಅದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು. ಅದರಲ್ಲಿದ್ದುದು ಒಂದೇ ಸಿಲಿಂಡರು. ಬಲವು ಒಂದು ಕುದುರೆಯ ಬಲಕ್ಕಿಂತಲೂ ಕಡಿಮೆ. ಅವರ ಪತ್ನಿಯಾದ ಬರ್ತಾ ಬೆನ್ಸ್ ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮುಂಚೆಯೇ ತವರಿನವರಿಂದ ಪಡೆದು ಕಾರ್ಲರ ಕಾರ್ಖಾನೆಗೆ ಒದಗಿಸಿದ್ದಳು. ಬಂಡಿಯೇನೋ ಸಿದ್ಧವಾಯಿತು, ಆದರೆ ಕೊಳ್ಳುವವರಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಹೀಗಿರಲು 1888ರ ಆಗಸ್ಟಿನಲ್ಲಿ ಬರ್ತಾ ಗಂಡನಿಗೆ ಮುಂಚಿತವಾಗಿ ತಿಳಿಸದೆ, ಆಯ್ಗೆನ್ ಮತ್ತು ರಿಚರ್ಡ್ ಎಂಬ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು, ಹೊಸದಾಗಿ ತಿದ್ದಿ ಕಟ್ಟಿದ ಬಂಡಿಯಲ್ಲಿ ಫೋರ್ಟ್ಸ್‌ಹೈಮಿನಲ್ಲಿದ್ದ ತನ್ನ ತವರಿಗೆ ಹೊರಟಳು. ದಾರಿಯು ನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಅಂಥ ಬಂಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ದಾರಿಯಲ್ಲಿ ಒದಗಿದ ತೊಡಕುಗಳನ್ನು ಒಂದೊಂದಾಗಿ ನೋಡೋಣ. ಯಂತ್ರಕ್ಕೆ ಏನೇನು ಬೇಕೆಂಬುದು ಅವುಗಳಿಂದ ತಾನೇ ತಿಳಿಯುವುದು.

ಮೊದಲನೆಯದಾಗಿ ಇಂಧನ. ಆಗ ಪೆಟ್ರೋಲಿನ ಅಂಗಡಿಗಳೇ ಇರಲಿಲ್ಲ. ಬಟ್ಟೆಯ ಕಲೆ ತೆಗೆಯುವುದಕ್ಕೆಂದು ಔಷಧದಂಗಡಿಗಳಲ್ಲಿ ಮಾರುತ್ತಿದ್ದ ಲಿಗ್ರಾಯಿನ್ ಎಂಬ ತೆಳುವಾದ ಎಣ್ಣೆಯನ್ನು ಬರ್ತಾ ವೀಸ್‌ಲಾಖ್ ಎಂಬ ಊರಿನಲ್ಲಿ ಕೊಂಡಳು. ಮುಂದೆ ಎಣ್ಣೆಯ ನಾಳದಲ್ಲಿ ಕಸ ಸಿಕ್ಕಿ ಯಂತ್ರವು ನಿಂತಿತು. ಆಕೆ ತನ್ನ ಟೋಪಿಯ ಉದ್ದನೆಯ ಪಿನ್ನನ್ನು ತೆಗೆದು ನಾಳವನ್ನು ಚುಚ್ಚಿ ಶುದ್ಧಮಾಡಿದಳು. ಈಗಿನ ಕಾರುಗಳಲ್ಲಿ ಇಂಧನವನ್ನು ಶೋಧಿಸಲು ಫಿಲ್ಟರೂ, ಅಳೆದು ಸಿಂಪಡಿಸಲು ಇಂಜೆಕ್ಟರೂ ಇವೆ. ತೂಕದಲ್ಲಿ ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಭಾಗ ಗಾಳಿಯು ಬೇಕು. ಊದುಕೊಳವಿಯಿಂದ ಒಲೆಯನ್ನು ಊದಿದವರಿಗೆ ಬೆಂಕಿಗೆ ಸೌದೆಯಷ್ಟೇ ಗಾಳಿಯೂ ಅಗತ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದಾಗಿ ಕಿಡಿ. ಕಿಡಿಗೆ ವಿದ್ಯುತ್ತನ್ನು ಒಯ್ಯುವ ತಂತಿಯ ಹೊದಿಕೆಯು ಸವೆದುಹೋಗಲು ವಿದ್ಯುತ್ತು ದಾರಿತಪ್ಪಿತು. ಬರ್ತಾ ತನ್ನ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಆ ತಂತಿಗೆ ಸುತ್ತಿದಳೆಂದು ವೃತ್ತಾಂತವು ಹೇಳುತ್ತದೆ. ಈಗಲೂ ತಂತಿಯು ಸಡಿಲವಾದರೆ, ಬ್ಯಾಟರಿಯು ಬತ್ತಿದರೆ, ಪ್ಲಗ್ಗಿಗೆ ಮಸಿ ಹಿಡಿದರೆ ಪೆಟ್ರೋಲ್ ಯಂತ್ರವು ಮೂಕವಾಗುವುದು. ಡೀಸೆಲ್ ಯಂತ್ರಕ್ಕಾದರೋ ಕಿಡಿಯು ಬೇಕಿಲ್ಲ. ರುಡಾಲ್ಫ್ ಡೀಸೆಲರು 1897ರಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಆ ಯಂತ್ರದಲ್ಲಿ ಗಾಳಿಯೊಂದನ್ನೇ ಇನ್ನೂ ಬಲವಾಗಿ ಅದುಮುವರು. ಅದು ಎಷ್ಟು ಕಾಯುವುದೆಂದರೆ ಅದರೊಳಕ್ಕೆ ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುವುದು.

ಮೂರನೆಯದಾಗಿ ನೀರು. ಉರಿಯುವ ಅನಿಲದ ಕಾವನ್ನು ಆಗಲೇ ಹೇಳಿದೆವು. ಪಿಸ್ಟನ್ನಿಗೆ ಉಪಯೋಗಿಸುವ ಅಲ್ಯುಮಿನಿಯಮ್ಮು ಸುಮಾರು 660 ಡಿಗ್ರಿಗೇ ಕರಗುವ ಲೋಹ. ಆದುದರಿಂದ ಕಾವನ್ನು ಎಡೆಬಿಡದೆ ಹೊರಸಾಗಿಸದಿದ್ದರೆ ಯಂತ್ರವು ತನ್ನನ್ನೇ ಸುಟ್ಟುಕೊಳ್ಳುವುದು. ಬರ್ತಾಳ ಬಂಡಿಯಲ್ಲಿ ನೀರು ಕುದಿದು ಹಬೆಯಾಗಿ ಹೋಗುತ್ತಿದ್ದುದರಿಂದ ಆಕೆ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಿಸಬೇಕಾಯಿತು. ಈಗ ಅದೇ ನೀರು ಯಂತ್ರದ ಸುತ್ತ ಹರಿದು, ರೇಡಿಯೇಟರಿನಲ್ಲಿ ಗಾಳಿಗೆ ತಣಿದು, ತಿರಿಗಿ ಬರುವುದು.

ನಾಲ್ಕನೆಯದಾಗಿ ಏರು. ಕಡಿದಾದ ಗುಡ್ಡಗಳಲ್ಲಿ ಯಂತ್ರದ ಬಲವು ಸಾಲದೆ ಬಂಡಿಯನ್ನು ತಳ್ಳಬೇಕಾಯಿತು. ಇದನ್ನು ಕೇಳಿದ ಮೇಲೆ ಕಾರ್ಲ್ ಬೆನ್ಸರು ಏರು ಹತ್ತುವುದಕ್ಕೆಂದೇ ಇನ್ನೊಂದು ಗೇರನ್ನು ಸೇರಿಸಿದರು. ಗೇರೆಂದರೆ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳ ಜೋಡಣೆ. ಯಂತ್ರವು ಹೆಚ್ಚು ಸುತ್ತು ತಿರುಗಿ ಗಾಲಿಯು ಕಡಿಮೆ ಸುತ್ತು ತಿರುಗುವಂತೆ ಮಾಡಿದರೆ ವೇಗವು ಕಡಿಮೆಯಾಗಿ ಎಳೆಯುವ ಬಲವು ಹೆಚ್ಚುವುದು. ಇಳಿಜಾರಿನಲ್ಲಿ ಮರದ ಬ್ರೇಕುಗಳು ಸವೆದಾಗ ಬರ್ತಾ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲನ್ನು ಹೊಡೆಸಿದಳು. ಹೀಗೆ ಅಂದು ಸಂಜೆ ಫೋರ್ಟ್ಸ್‌ಹೈಮನ್ನು ಸೇರಿ ಗಂಡನಿಗೆ ತಂತಿಯ ಮೂಲಕ ವರ್ತಮಾನ ಕಳುಹಿದಳು; ಕೆಲವು ದಿನಗಳ ಮೇಲೆ ಅದೇ ಬಂಡಿಯಲ್ಲಿ ಹಿಂದಿರುಗಿದಳು. ಬಂಡಿಯು ನಂಬತಕ್ಕದ್ದೆಂದು ಇದರಿಂದ ಲೋಕಕ್ಕೆ ತಿಳಿಯಿತು.

ಈ ಮಹಿಳೆಯ ಕೈಯಲ್ಲಿ ಉಪಕರಣಗಳ ಪೆಟ್ಟಿಗೆಯು ಇರಲಿಲ್ಲವೆಂಬುದಕ್ಕಿಂತ, ಯಾವ ತೊಡಕು ಎಲ್ಲಿ ಹುಟ್ಟಿತೆಂಬ ತಿಳಿವಳಿಕೆಯು ತಲೆಯಲ್ಲಿ ಇದ್ದಿತೆಂಬುದೇ ಮುಖ್ಯ. ತಿಳಿವಳಿಕೆಯಿಲ್ಲದವರಿಗೆ ಟೋಪಿಯ ಪಿನ್ನು ಬರಿಯ ಪಿನ್ನೇ.

ಬಂಡಿಯು ನಿಂತಾಗ ಕೇಳತಕ್ಕ ಪ್ರಶ್ನೆಗಳು

ಹೊಲಿಗೆಯ ಯಂತ್ರದ ಚಕ್ರಕ್ಕೆ ಮೊದಲ ಸುತ್ತನ್ನು ಕೈಯಿಂದ ಕೊಡುವೆವಷ್ಟೆ. ಬೆನ್ಸರ ಬಂಡಿಯಲ್ಲಿಯೂ ಫ್ಲೈವೀಲನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಈಗ ಆ ಕೆಲಸವನ್ನು ಬ್ಯಾಟರಿಯಿಂದ ನಡೆಯುವ ಸ್ಟಾರ್ಟರ್ ಮೋಟಾರು ಮಾಡುತ್ತದೆ. ಯಂತ್ರವು ತಿರುಗುವುದೇ ಇಲ್ಲವೇ? ಹಾಗಾದರೆ ಮೊದಲು ಬ್ಯಾಟರಿಯನ್ನು ಸಂಶಯಿಸತಕ್ಕದ್ದು. ತಿರುಗಿದರೂ ಹೊತ್ತಿಕೊಳ್ಳದೆ? ಇಂಧನ ಅಥವಾ ಕಿಡಿಯ ಕೊರತೆ. ಚೆನ್ನಾಗಿ ನಡೆದು, ಕಾದು, ಬಳಿಕ ನಿಂತಿತೇ? ನೀರನ್ನು ಕುರಿತು ವಿಚಾರಿಸಬೇಕು. ಈಗಿನ ಕಾರುಗಳಲ್ಲಿ ಬಹುಭಾಗವು ಎಲೆಕ್ಟ್ರಾನಿಕ್ ಸಾಧನಗಳ ಆಳ್ವಿಕೆಗೆ ಸೇರಿರುವುದರಿಂದ ದುರಸ್ತಿಯನ್ನು ಮೆಕ್ಯಾನಿಕ್ಕೇ ಮಾಡಬೇಕಾಗಬಹುದು. ಆದರೂ ಆತನಿಗೆ ಕ್ರಮವಾಗಿ ವಿವರ ಹೇಳಬಲ್ಲವರ ಕೆಲಸವು ಬೇಗ ಮುಗಿಯುವುದು. ಅವರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಎರಡು ಎಚ್ಚರಿಕೆಗಳನ್ನು ಮಕ್ಕಳು ಬಾಯಿಪಾಠಮಾಡಬೇಕು. ಕಾದಿರುವ ಯಂತ್ರದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಥಟ್ಟನೆ ಚಿಮ್ಮಿ ಮುಖವನ್ನು ಸುಡುವುದು. ಮುಚ್ಚಿದ ಕೊಟ್ಟಿಗೆಯೊಳಗೆ ಯಂತ್ರವನ್ನು ನಡೆಯಿಸಕೂಡದು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೆಂಬ ಬಣ್ಣವೂ ವಾಸನೆಯೂ ಇಲ್ಲದ ವಿಷವಾಯುವಿದ್ದು ಪ್ರಾಣವನ್ನೇ ತೆಗೆಯಬಲ್ಲದು.

ಈ ಯಂತ್ರಕ್ಕೆ ದೋಷಗಳಿಲ್ಲವೆಂದಲ್ಲ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಂಡಿಯನ್ನು ನಡೆಸದೆ ಕಾವಾಗಿ ವ್ಯರ್ಥವಾಗುವುದು. ಹೊಗೆಯು ಗಾಳಿಯನ್ನು ಕೆಡಿಸುವುದು. ಸಿಲಿಂಡರೂ ಪಿಸ್ಟನ್ನೂ ಇಲ್ಲದ ವಿದ್ಯುತ್ ಕಾರುಗಳು ಈಗ ನಮ್ಮ ಬೀದಿಗಳಿಗೂ ಬಂದಿವೆ. ಆದರೆ ಯಂತ್ರವು ಬದಲಾದರೂ ಅದನ್ನು ತಿಳಿಯುವ ಕ್ರಮವು ಬದಲಾಗದು: ಶಕ್ತಿಯು ಎಲ್ಲಿಂದ ಬರುತ್ತದೆ, ಯಾವ ದಾರಿಯಿಂದ ಹೋಗುತ್ತದೆ, ಎಲ್ಲಿ ತಡೆಯಾಗಿದೆ ಎಂದು ಒಂದಾದ ಮೇಲೊಂದು ಕೇಳುವುದು.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಇನ್ನು ಮುಂದೆ ಮನೆಯ ಬಂಡಿಯ ಮುಚ್ಚಳವನ್ನೆತ್ತುವಾಗ ಮಗನನ್ನು ಕರೆಯುವಂತೆ ಮಗಳನ್ನೂ ಕರೆಯಿರಿ. ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯನ್ನು ಅವಳ ಕೈಗೆ ಕೊಡಿರಿ. ಅವಳು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಿರಿ. ಕೈಗೆ ಹತ್ತಿದ ಮಸಿಯು ಸೋಪಿನಿಂದ ಹೋಗುವುದು. ಅಂದು ಕಲಿತ ಪಾಠವು ಹೋಗದು.