ಹೆರಿಗೆ ಗಂಟಿನ ಲೆಕ್ಕ

"ಮಗೂನ ಬಟ್ಟಿ ಕೊಡ್ರಿ, ಲಗೂನ!"

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆದು ಸಿಸ್ಟರ್ ಕೈ ಚಾಚಿದರು. ನನ್ನವ್ವ ವರಾಂಡದ ನೆಲದ ಮೇಲೆ ಕೂತು ಬ್ಯಾಗಿನೊಳಗೆ ಮೊಣಕೈ ಮಟ ಕೈ ಹಾಕಿ ಹುಡುಕುತ್ತಿದ್ದಳಂತೆ. ಮೇಲೆ ನನ್ನ ಮೂರು ಹೊಸ ಗೌನು, ಅದರ ಕೆಳಗೆ ಟವೆಲ್, ಹಾಲಿನ ಪುಡಿಯ ಡಬ್ಬಿ, ಬಾಟಲಿ ಕುದಿಸುವ ಯಂತ್ರ, ಫ್ಲಾಸ್ಕ್, ಬಿಸ್ಕಿಟ್ ಪುಡಾ. ಕುಲಾವಿ, ದುಪಟಿ, ಹಳೆ ಸೀರೆಯ ಮೆತ್ತನೆ ತುಂಡುಗಳೆಲ್ಲ ತಳದಲ್ಲಿ. ಸಿಸ್ಟರ್ ಎರಡನೆಯ ಸಲ ಕೂಗಿದಾಗ ನನ್ನ ಯಜಮಾನರು ಕೆಳಗಿನ ಔಷಧಿ ಅಂಗಡಿಗೆ ಓಡಿದರು. 'ಬೇಬಿ ಕಿಟ್' ಅಂತ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು, 1,850 ರೂಪಾಯಿ. ಅದರಲ್ಲಿದ್ದ ಪ್ರತಿಯೊಂದು ವಸ್ತುವೂ ನಮ್ಮ ಬ್ಯಾಗಿನ ತಳದಲ್ಲಿತ್ತು.

ಇದು 2018ರ ಮಾತು, ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಲೆಕ್ಕ ಬರೆಯುವವಳು ನಾನು. ದಿನವಿಡೀ ಬೇರೆಯವರ ಖರ್ಚು ಹಿಡಿಯುವವಳು ನನ್ನ ಹೆರಿಗೆಯ ಖರ್ಚನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಗಣಪತಿ ಗಲ್ಲಿ, ಖಡೇಬಜಾರದಲ್ಲಿ ಎರಡು ಶನಿವಾರ ತಿರುಗಿ ಬ್ಯಾಗಿಗೆಂದು ಕೊಂಡದ್ದು ಒಟ್ಟು 9,640 ರೂಪಾಯಿ. ಬಾಣಂತನ ಮುಗಿದ ಮೇಲೆ ಒಂದೊಂದರ ಮುಂದೆಯೂ ಬಳಸಿದೆನೋ ಇಲ್ಲವೋ ಎಂದು ಗುರುತು ಹಾಕುತ್ತ ಬಂದೆ. ಬಳಸದೇ ಉಳಿದದ್ದೇ ಹೆಚ್ಚಾಯಿತು. ಬಾಟಲಿ ಕುದಿಸುವ ಯಂತ್ರದ ಪೆಟ್ಟಿಗೆ ಒಡೆದಿರಲೇ ಇಲ್ಲ. ಹಾಲಿನ ಪುಡಿಯ ಡಬ್ಬಿಯನ್ನು ಅವಧಿ ಮುಗಿದ ಮೇಲೆ ಚೆಲ್ಲಿದೆವು. ಹಾಲಿನ ಪುಡಿ, ಬಾಟಲಿಗಳನ್ನು ತಾಯಂದಿರಿಗೆ ಜಾಹೀರಾತು ಮಾಡಿ ಮಾರಬಾರದು ಅಂತ 1992ರಲ್ಲೇ ಕಾನೂನು ಆಗಿದೆ. ಆದರೂ ನಾನು ಹುಟ್ಟದ ಮಗುವಿಗೆ ಅದನ್ನು ಮೊದಲೇ ಕೊಂಡಿಟ್ಟಿದ್ದೆ. ಡಾಕ್ಟರು ಬೇಕು ಎಂದರೆ ಆಗ ತಂದರಾಯಿತು, ಯಾವ ಆಸ್ಪತ್ರೆಯ ಎದುರಿಗೂ ಅದು ಸಿಗುತ್ತದೆ.

ಗುರುತು ಹಾಕುತ್ತಿರುವಾಗ ಇನ್ನೊಂದು ತಿಳಿಯಿತು. ವಸ್ತುವಿನ ಬೆಲೆ ನೋಡಿ ನಾನು ಬ್ಯಾಗು ತುಂಬಿದ್ದೆ. ತುಂಬಬೇಕಾದದ್ದು ಅದು ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಏನು ಬೀಳುತ್ತದೆ ಅನ್ನುವುದನ್ನು ನೋಡಿ. ಕುಲಾವಿ ಅರವತ್ತು ರೂಪಾಯಿಯದು, ಸಿಗದಿದ್ದಕ್ಕೆ 1,850 ಬಿತ್ತು. ಪಾಸ್‌ಬುಕ್ಕಿನ ಝೆರಾಕ್ಸ್ ಎರಡು ರೂಪಾಯಿಯದು, ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಹಾಲಿನ ಪುಡಿಯ ಡಬ್ಬಿ ಮರೆತಿದ್ದರೆ ಒಂದು ರೂಪಾಯಿಯೂ ನಷ್ಟವಿರಲಿಲ್ಲ.

ವಿಮೆ ಇರುವವರು ಈ ಲೆಕ್ಕವನ್ನು ಇನ್ನೂ ಸೂಕ್ಷ್ಮವಾಗಿ ನೋಡಬೇಕು. ನಮಗೆ ಕಂಪನಿಯ ಗುಂಪು ವಿಮೆ ಇತ್ತು, ಹೆರಿಗೆಗೆ 50,000 ರೂಪಾಯಿಯ ಮಿತಿ. ಅದು ಸಿಜೇರಿಯನ್ ಬಿಲ್ಲಿಗೆ ಸಾಲದೆಂದು ಗೊತ್ತಿತ್ತು. ಗೊತ್ತಿರದಿದ್ದದ್ದು ಬಿಲ್ಲಿನ ಕೊನೆಯಲ್ಲಿ ಪ್ಯಾಡು, ಡಯಾಪರು, ಹೊಟ್ಟೆಯ ಬೆಲ್ಟು, 'ಬೇಬಿ ಯುಟಿಲಿಟಿ' ಅಂತ ಸಾಲಾಗಿ ಬರೆದು, ಎಲ್ಲದರ ಮುಂದೆ ಸೊನ್ನೆ ಹಾಕಿದ್ದು. ವಿಮಾ ನಿಯಂತ್ರಣ ಪ್ರಾಧಿಕಾರದ ಈಗಿನ ಪಟ್ಟಿಯಲ್ಲಿ ಪಾಲಿಸಿ ಕೊಡದಿರಬಹುದಾದ ವಸ್ತುಗಳು 68 ಇವೆ. ಅದರಲ್ಲಿ ಮೊದಲನೆಯದೇ ಮಗುವಿನ ಆಹಾರ, ಎರಡನೆಯದು ಮಗುವಿನ ಸಾಮಾನು. ಯಾವುದೇ ಬಗೆಯ ಡಯಾಪರು, ಸ್ಯಾನಿಟರಿ ಪ್ಯಾಡು, ಕುಡಿಯುವ ನೀರಿನ ಬಾಟಲಿ, ಜೊತೆಗಿದ್ದವರ ಊಟ ಎಲ್ಲ ಅದೇ ಪಟ್ಟಿಯಲ್ಲಿ. ಅಂದರೆ ಹೆರಿಗೆ ಬ್ಯಾಗಿನಲ್ಲಿ ಹಾಕುವ ಬಹುತೇಕ ಎಲ್ಲವೂ ನಮ್ಮ ಕೈಯಿಂದಲೇ ಹೋಗುತ್ತದೆ. ಪೇಟೆಯಿಂದ ಮೊದಲೇ ತಂದರೆ ಪೇಟೆಯ ಬೆಲೆ, ಆಸ್ಪತ್ರೆಯೊಳಗೆ ತೆಗೆದುಕೊಂಡರೆ ಅವರು ಹೇಳಿದ ಬೆಲೆ. ಎಂಟನೆಯ ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರನ್ನಲ್ಲ, ವಾರ್ಡಿನ ಸಿಸ್ಟರನ್ನು ಕೇಳಿ: ನೀವು ಏನೇನು ಕೊಡ್ತೀರಿ, ನಾವು ಏನೇನು ತರಬೇಕು, ನಾವು ತಂದದ್ದನ್ನು ಬಳಸ್ತೀರೋ ಇಲ್ಲೋ. ಈ ಮೂರು ಪ್ರಶ್ನೆ ಕೇಳದೆ ನಾನು ಕಳೆದುಕೊಂಡದ್ದು ನೋಟ್‌ಬುಕ್ಕಿನ ಪ್ರಕಾರ ನಾಲ್ಕು ಸಾವಿರದ ಮೇಲೆ.

ಆರು ವರ್ಷದ ನಂತರ, 2024ರ ಜುಲೈಯಲ್ಲಿ ನನ್ನ ತಂಗಿಯ ಸರದಿ ಬಂತು. ಅವಳನ್ನು ಕೊಟ್ಟದ್ದು ಖಾನಾಪುರದಿಂದ ಜಾಂಬೋಟಿ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ಅವಳ ಗಂಡನಿಗೆ ಇಟ್ಟಿಗೆ ಭಟ್ಟಿಯ ಕೆಲಸ. ಮಳೆ ಹಿಡಿಯಿತೆಂದರೆ ಭಟ್ಟಿ ಬಂದ್, ಕೂಲಿಯೂ ಬಂದ್. ಮನೆಯಲ್ಲಿ ದುಡ್ಡು ಇಲ್ಲದ ತಿಂಗಳಲ್ಲೇ ಹೆರಿಗೆ. "ಅಕ್ಕಾ, ನಿನ್ನಂಗ ಬ್ಯಾಗ್ ತುಂಬಾಕ ನಮ್ಮ ಕಡೆ ಆಗೂದಿಲ್ಲ ನೋಡ," ಅಂದಳು. ನನ್ನ ನೋಟ್‌ಬುಕ್ಕು ಹಿಡಿದುಕೊಂಡೇ ಹೋದೆ, ಅವಳಿಗೆ ನನ್ನಂತೆ ಬ್ಯಾಗು ತುಂಬಲು ಬಿಡಬಾರದು ಅಂತ.

ಅವಳ ಅತ್ತೆ ಅಟ್ಟದ ಮೇಲಿಂದ ಒಂದು ಜಮಖಾನ ಇಳಿಸಿದರು. ಹಿರಿಯ ಮಗಳ ಹೆರಿಗೆಯಲ್ಲಿ ಬಂದ ಮಡಿಲು ಕಿಟ್ಟಿನದು. ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! 2007ರಲ್ಲಿ ಕರ್ನಾಟಕ ಸರ್ಕಾರ ಶುರು ಮಾಡಿದ ಯೋಜನೆ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಒಂದು ಚೀಲದಲ್ಲಿ 19 ಸಾಮಾನು: ಸೊಳ್ಳೆ ಪರದೆ, ಜಮಖಾನ, ಹೊದಿಕೆ, ಸೋಪು, ಕೊಬ್ಬರಿ ಎಣ್ಣೆ, ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಪ್ಯಾಡು, ಮಗುವಿಗೆ ರಬ್ಬರ್ ಶೀಟು, ಸ್ವೆಟರು. ದೂರದ ಫಿನ್ಲೆಂಡಿನಲ್ಲಿ 1938ರಿಂದ ಇಂಥದೊಂದು ಪೆಟ್ಟಿಗೆ ಕೊಡುತ್ತ ಬಂದಿದ್ದಾರೆ. ಪೆಟ್ಟಿಗೆ ಬೇಡವೆಂದರೆ ರೊಕ್ಕ ತೆಗೆದುಕೊಳ್ಳಬಹುದು. ಆದರೂ ಚೊಚ್ಚಲ ಬಸುರಿಯರು ಹೆಚ್ಚಾಗಿ ಪೆಟ್ಟಿಗೆಯನ್ನೇ ಆರಿಸುತ್ತಾರೆ. ನನಗೆ ಅದು ಅರ್ಥವಾಗುತ್ತದೆ. ರೊಕ್ಕ ಮನೆಯ ನೂರು ಕಡೆ ಹರಿದು ಹೋಗುತ್ತದೆ, ಜಮಖಾನ ಬಾಣಂತಿಯ ಬೆನ್ನಿನ ಕೆಳಗೇ ಉಳಿಯುತ್ತದೆ. ಆ ಅತ್ತೆಯ ಮನೆಯಲ್ಲಿ ಅದು ಅಷ್ಟು ವರ್ಷ ಉಳಿದಿತ್ತು, ಅಂಚು ಮಾತ್ರ ಇಲಿ ಕಡಿದಿತ್ತು. ಮಡಿಲು ಕಿಟ್ಟು ಮತ್ತೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲೇ ಏನಿದೆ ಅಂತ ನೋಡಿದೆವು. ಅವ್ವ ಹೊಲಿದ ಕೌದಿ ಇತ್ತು. ಒಗೆದು ಒಗೆದು ಬೆಣ್ಣೆಯಂತಾದ ಹತ್ತಿ ಸೀರೆ ಎರಡು, ಹರಿದರೆ ಇಪ್ಪತ್ತು ಲಂಗೋಟಿ. ನನ್ನ ಮಗನ ಕುಲಾವಿ, ಕುಂಚಿಗಿ. ಕೊಳ್ಳಬೇಕಾದದ್ದು ಪ್ಯಾಡು, ರಬ್ಬರ್ ಶೀಟು, ಸೋಪು, ಒಂದು ಫ್ಲಾಸ್ಕು, ಸಣ್ಣದೊಂದು ಡಯಾಪರ್ ಪಾಕೀಟು. ಲೆಕ್ಕ 1,140ಕ್ಕೆ ನಿಂತಿತು. ಡಯಾಪರು ಯಾಕೆ ಅಂತ ಅತ್ತೆ ಕೇಳಿದರು, ನ್ಯಾಯವಾದ ಪ್ರಶ್ನೆ. ಬೇಸಿಗೆಯಾಗಿದ್ದರೆ ಬೇಡ ಅನ್ನುತ್ತಿದ್ದೆ. ಖಾನಾಪುರದ ಆಷಾಢದಲ್ಲಿ ಲಂಗೋಟಿ ಒಣಗುವುದಿಲ್ಲ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಿ ಒಣಗಿಸುವುದು ಮನೆಯಲ್ಲಿ ನಡೆದೀತು, ಆಸ್ಪತ್ರೆಯಲ್ಲಿ ನಡೆಯದು. ಹಸಿ ಬಟ್ಟೆಯಲ್ಲಿ ಕೂಸಿಗೆ ಥಂಡಿ ಹತ್ತಿದರೆ ಆ ಪಾಕೀಟಿನ ನೂರೈವತ್ತು ರೂಪಾಯಿ ಯಾವ ಲೆಕ್ಕ?

ನಾನು ಹಟ ಹಿಡಿದು ಮಾಡಿಸಿದ್ದು ಒಂದೇ: ದೊಡ್ಡ ಬ್ಯಾಗಿನ ಹೊರತಾಗಿ ಒಂದು ಪುಟ್ಟ ಗಂಟು. ಬಿಳಿ ಪಂಚೆಯ ಚೌಕದಲ್ಲಿ ಎರಡು ದುಪಟಿ, ಕುಲಾವಿ, ನಾಲ್ಕು ಲಂಗೋಟಿ, ಒಂದು ಪಾಕೀಟು ಪ್ಯಾಡು. ಪಕ್ಕದಲ್ಲಿ ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲು. ಅದರಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಗಂಡ-ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡು, ತಂಗಿಯ ಸ್ವಂತ ಖಾತೆಯ ಪಾಸ್‌ಬುಕ್ಕಿನ ಝೆರಾಕ್ಸು. ಜೊತೆಗೆ ನೂರರ ನೋಟಿನಲ್ಲಿ ಮೂರು ಸಾವಿರ. ಫೋನಿನಲ್ಲಿ ರೊಕ್ಕ ಇದ್ದರೂ ಆ ಮಳೆಯಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ.

ಪಾಸ್‌ಬುಕ್ಕು ತೆಗೆದಾಗಲೇ ಸಿಕ್ಕಿಬಿದ್ದೆವು. ಖಾತೆಯಲ್ಲಿ ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಮನೆಯದು. ಬಡ ಕುಟುಂಬದ ತಾಯಿ ಹಳ್ಳಿಯಿಂದ ಬಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಲ್ಲಿ 700 ರೂಪಾಯಿ ಬರುತ್ತದೆ. ಚೊಚ್ಚಲು ಕೂಸಾದರೆ ಪ್ರಧಾನಮಂತ್ರಿ ಮಾತೃ ವಂದನಾದಲ್ಲಿ 5,000. ಅದರ ಕೊನೆಯ 2,000 ಮಗುವಿನ ಜನನ ನೋಂದಣಿ ಆಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ. ಎಲ್ಲವೂ ತಾಯಿಯ ಖಾತೆಗೇ. ಹೆಸರು ಹೊಂದದಿದ್ದರೆ ರೊಕ್ಕ ದಾರಿಯಲ್ಲೇ ನಿಲ್ಲುತ್ತದೆ, ಹಸಿ ಬಾಣಂತಿ ಕೂಸನ್ನು ಕಟ್ಟಿಕೊಂಡು ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಏಳು ತಿಂಗಳ ಬಸುರಿಯಾಗಿದ್ದಾಗಲೇ ಖಾನಾಪುರಕ್ಕೆ ಕರೆದುಕೊಂಡು ಹೋಗಿ ಖಾತೆಯ ಹೆಸರು ತಿದ್ದಿಸಿದೆ. ಎರಡು ಸುತ್ತು ಓಡಾಟ, ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಇಲ್ಲದ್ದರಿಂದ ಖರ್ಚು ಚಹಾದ್ದು ಮಾತ್ರ.

ನೋವು ಕಾಣಿಸಿಕೊಂಡದ್ದು ರಾತ್ರಿ. 108ಕ್ಕೆ ಫೋನು ಮಾಡಿ ಖಾನಾಪುರಕ್ಕೆ ಮುಟ್ಟಿದರು. ಅಲ್ಲಿ ನೋಡಿದ ಡಾಕ್ಟರು ಬಿ.ಪಿ. ಏರಿದೆ, ಬೆಳಗಾವಿಗೆ ಹೋಗಲಿ ಅಂದರು. ಇಪ್ಪತ್ತಾರು ಕಿಲೋಮೀಟರು. ಆಂಬುಲೆನ್ಸಿನಲ್ಲಿ ಜೊತೆಗೆ ಒಬ್ಬರಿಗೇ ಜಾಗ. ಅವ್ವ ಹತ್ತಿದಳು, ಬಗಲಲ್ಲಿ ಪುಟ್ಟ ಗಂಟು, ಸೆರಗಿನೊಳಗೆ ಫೈಲು. ದೊಡ್ಡ ಬ್ಯಾಗು ತಂಗಿಯ ಗಂಡನ ಮೋಟರ್‌ಸೈಕಲ್ಲಿನ ಮೇಲೆ ಮಳೆಯಲ್ಲಿ ನೆನೆಯುತ್ತ ಒಂದು ತಾಸು ತಡವಾಗಿ ಬಂತು. ನಾನು ಬೆಳಗಾವಿಯ ಟಿಳಕವಾಡಿಯಿಂದ ಹೊರಟು ಅವರಿಗಿಂತ ಮೊದಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ.

ಒಳಗೆ ಕರೆದುಕೊಂಡು ಹೋಗುವ ಮುನ್ನ ಸಿಸ್ಟರ್ ಒಡವೆ ಬಿಚ್ಚಿಸಲು ಹೇಳಿದರು. ತಂಗಿಯ ತಾಳಿ, ಬೆಂಡೋಲೆ, ಮೂಗುಬೊಟ್ಟು ಬಿಚ್ಚಿ ಒಂದು ತುಂಡು ಗಾಜ್ ಬಟ್ಟೆಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಮೂಗುಬೊಟ್ಟಿನ ತಿರುಪು ಜಾರಿ ಎಲ್ಲಿ ಬಿತ್ತೋ ಸಿಗಲಿಲ್ಲ. ಆ ಗಾಜ್ ತುಂಡಿನ ಭಾರ ಐದು ಬ್ಯಾಗುಗಳ ಬೆಲೆಗಿಂತ ಹೆಚ್ಚು. ರಾತ್ರಿಯಿಡೀ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಕಣ್ಣು ಮುಚ್ಚದೆ ಕೂತೆ. ಒಂಬತ್ತು ತುಂಬಿದೊಡನೆ ಚಿನ್ನ ಬಿಚ್ಚಿ ಮನೆಯಲ್ಲಿಟ್ಟು ಅರಿಶಿನ ದಾರ ಕಟ್ಟಿಕೊಳ್ಳಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅದರಿಂದ ಯಾವ ಅಶುಭವೂ ಇಲ್ಲ, ಹಿರಿಯರೇ ಒಪ್ಪುತ್ತಾರೆ.

ರಕ್ತ ಕೊಡುವವರು ಇಬ್ಬರನ್ನು ಸಿದ್ಧ ಇಟ್ಟುಕೊಳ್ಳಿ ಅಂದರು. ತಂಗಿಯ ಗಂಡನ ಭಟ್ಟಿಯ ಗೆಳೆಯರಿಬ್ಬರ ರಕ್ತದ ಗುಂಪು, ಫೋನು ನಂಬರು ಫೈಲಿನ ಒಳಹೊದಿಕೆಯ ಮೇಲೆ ಮೊದಲೇ ಬರೆದಿಟ್ಟಿದ್ದೆವು. ಹೆರಿಗೆಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತಸ್ರಾವವೇ. ಅದನ್ನು ತಡೆಯುವ ಒಂದು ಅಗ್ಗದ ಗುಳಿಗೆಯ ಪರೀಕ್ಷೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದದ್ದು. ಇಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಸೇರಿ ಮಾಡಿದ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1,620 ತಾಯಂದಿರು ಅದರಲ್ಲಿದ್ದರು. ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ವಿಪರೀತ ರಕ್ತಸ್ರಾವವಾದರೆ, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4. ಹಳ್ಳಿಯ ನರ್ಸಮ್ಮಂದಿರು ಮನೆಮನೆಗೆ ಹೋಗಿ ಮಾಡಿದ ಕೆಲಸ ಅದು. ಅದನ್ನು ನೆನೆದಾಗಲೆಲ್ಲ ಎದೆ ತುಂಬುತ್ತದೆ.

ರಕ್ತ ಬೇಕಾಗಲಿಲ್ಲ. ನಸುಕಿನಲ್ಲಿ ಬಾಗಿಲು ತೆರೆಯಿತು, "ಕೂಸಿನ ಬಟ್ಟಿ" ಅಂದರು. ಅವ್ವ ಗಂಟನ್ನು ಗಂಟಾಗಿಯೇ ಕೊಟ್ಟಳು. ಹೆಣ್ಣು ಕೂಸು, ಎರಡು ಕಿಲೋ ಏಳುನೂರು ಗ್ರಾಮು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಬಾಣಂತಿಯ ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಬಂದ ಹಕ್ಕು ಅದು. ನಮ್ಮ ರೊಕ್ಕ ಹೋದದ್ದು ಜೊತೆಗಿದ್ದವರಿಗೆ: ಚಹಾ, ಊಟ, ತಂಗಿಯ ಗಂಡನ ಪೆಟ್ರೋಲು, ಐದು ದಿನಕ್ಕೆ 2,300. ಬ್ಯಾಗಿನ ಎರಡು ಪಟ್ಟು. ಅದನ್ನು ಮೊದಲೇ ಎತ್ತಿಡುವವರು ಕಡಿಮೆ. ಹಗಲು ಅತ್ತೆ ಖಾನಾಪುರದ ಬಸ್ಸಿನಲ್ಲಿ ಬಿಸಿ ಅನ್ನ, ಶೇಪು ಪಲ್ಯ ತರುತ್ತಿದ್ದರು, ಅದೂ ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ತಾಯಿ-ಕೂಸನ್ನು ಮನೆಗೆ ಸರ್ಕಾರದ ನಗು-ಮಗು ವಾಹನ ಬಿಟ್ಟು ಬಂತು.

ಜನನ ನೋಂದಣಿಗೆ 21 ದಿನದ ಗಡುವು, ಆಸ್ಪತ್ರೆಯಲ್ಲಿ ಫಾರ್ಮು ತುಂಬುವಾಗ ಅಪ್ಪ-ಅವ್ವನ ಹೆಸರಿನ ಕಾಗುಣಿತವನ್ನು ಆಧಾರ್ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿದೆ. 2023ರ ಅಕ್ಟೋಬರಿನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನ ತನಕ ಹುಟ್ಟಿದ ದಿನಕ್ಕೆ ಜನನ ಪತ್ರ ಎಂಬ ಆ ಒಂದು ಹಾಳೆಯೇ ಆಧಾರ. ಮೊದಲ ಪ್ರತಿಗೆ ದುಡ್ಡಿಲ್ಲ.

ಎರಡು ತಿಂಗಳ ಮೇಲೆ ತಂಗಿಯ ಫೋನು ಬಂತು. "ಅಕ್ಕಾ, ಏಳ್ನೂರು ಬಂದೈತಿ." ಆ ವಾರವೇ ಅದೇ ಪ್ಲಾಸ್ಟಿಕ್ ಫೈಲು ಹಿಡಿದು ಖಾನಾಪುರದ ಅಂಚೆ ಕಚೇರಿಗೆ ಹೋದೆವು. ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು 250 ರೂಪಾಯಿ ಸಾಕು. ಕೂಸು ಅವ್ವನ ತೋಳಲ್ಲಿ ಕುಲಾವಿ ಹಾಕಿಕೊಂಡು ಮಲಗಿತ್ತು. ಕೌಂಟರಿನವರು ಹೆಸರು ಕೇಳಿದರು, ತಂಗಿ ಜನನ ಪತ್ರವನ್ನು ಫೈಲಿನಿಂದ ತೆಗೆದು ಕಿಂಡಿಯೊಳಗೆ ಸರಿಸಿದಳು.