ಈ ತಿಂಗಳ ಪಾಠ: ಸಬಲೀಕರಣವನ್ನು ಅಳೆಯೋದು ಹೇಗೆ?



ಜೋಳವನ್ನು ಸೇರಿನಿಂದ ಅಳೀತೇವೆ, ಹೊಲವನ್ನು ಎಕರೆಯಿಂದ. ಸಬಲೀಕರಣವನ್ನು? ಕಣ್ಣಿಗೆ ಕಾಣದ್ದನ್ನು ಅಳೆಯಬೇಕಾದರೆ ಕಾಣುವ ಗುರುತುಗಳನ್ನು ಮೊದಲು ಆರಿಸಿಕೊಳ್ಳಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಹಾಗೆಯೇ ಮಾಡಿತು: 35 ಸೂಚಕಗಳಿಂದ 175 ತಾಲೂಕುಗಳನ್ನು ತೂಗಿ, ನಮ್ಮ ಜಿಲ್ಲೆಯ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ಆದರೆ ತಾಲೂಕಿನ ಲೆಕ್ಕ ಮನೆಯೊಳಗೆ ಹೊಕ್ಕು ನೋಡುವುದಿಲ್ಲ.

ಕವಿತಾಳದ ನಮ್ಮ ಸಂಘಗಳಲ್ಲಿ ಉಳಿತಾಯ, ಸಾಲ, ಮರುಪಾವತಿ ಬರೆದಿಡುತ್ತೇವೆ. ಅದು ಸಂಘದ ಅಳತೆ. ಸಾಲ ಅಕ್ಕನ ಹೆಸರಿನಲ್ಲಿದ್ದು, ದುಡ್ಡು ಬೇರೆಯವರ ಕೈಗೆ ಹೋದರೆ ಪುಸ್ತಕ ಅದನ್ನು ಹೇಳೋದಿಲ್ಲ. ಅದಕ್ಕೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವಂಥ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳೋಣ:

1. ಸಂತೆಗೆ, ದವಾಖಾನೆಗೆ ನಾನೊಬ್ಬಳೇ ಹೋಗಬಹುದಾ?
2. ನನ್ನ ಚಿಕಿತ್ಸೆ, ಮನೆಯ ದೊಡ್ಡ ಖರೀದಿ, ತವರಿಗೆ ಹೋಗೋದು – ಈ ತೀರ್ಮಾನಗಳಲ್ಲಿ ನನ್ನ ಮಾತು ಐತೇನು?
3. ನಾನೇ ನಿರ್ಧರಿಸಿ ಖರ್ಚು ಮಾಡುವ ದುಡ್ಡು ಐತೇನು?

ಒಬ್ಬೊಬ್ಬರನ್ನೇ ಕೂರಿಸಿ ಕೇಳೋಣ. ಅತ್ತೆಯ ಮುಂದೆ ಸೊಸೆಯ ಉತ್ತರ ಬೇರೆಯೇ ಇರುತ್ತದೆ. ಆರು ತಿಂಗಳ ಬಳಿಕ ಅವೇ ಪ್ರಶ್ನೆಗಳನ್ನು ಮತ್ತೆ ಕೇಳೋಣ. ಸೇರು ಬದಲಾದರೆ ಅಳತೆ ಕೂಡೋದಿಲ್ಲ. ‘ಇಲ್ಲ’ ಅಂದವರನ್ನು ದೂರಬಾರದು. ನಮ್ಮ ಮುಂದಿನ ಕೆಲಸ ಅಲ್ಲೇ ಐತಿ.