ವಂಶದ ಬೇರುಗಳನ್ನು ಅರಸಿ

ಅರ್ಜೆಂಟೀನಾ ದೇಶದ ಸಾಂತಾ ಫೆ ಪ್ರಾಂತ್ಯದಲ್ಲಿ ಮೊಯಿಸೆಸ್ ವಿಲ್ ಎಂಬ ಊರಿದೆ. ರಷ್ಯಾ ಸಾಮ್ರಾಜ್ಯದ ಕಿರುಕುಳಕ್ಕೆ ಬೇಸತ್ತ ಯೆಹೂದ್ಯರು ಬಂದು ಬೇಸಾಯ ಹೂಡಿದ ಊರು ಅದು. 1889ರ ಆಗಸ್ಟ್ ತಿಂಗಳಿನಲ್ಲಿ ‘ವೆಸರ್’ ಎಂಬ ಹಡಗು ಎಂಟು ನೂರಕ್ಕೂ ಮಿಕ್ಕ ಜನರನ್ನು ಬ್ಯೂನಸ್ ಐರಿಸ್ ಬಂದರಿಗೆ ತಂದಿಳಿಸಿತು. ಅವರಿಗೆ ಮಾತುಕೊಟ್ಟಿದ್ದ ಭೂಮಿ ದೊರೆಯಲಿಲ್ಲ. ಪಲಾಸಿಯೋಸ್ ರೈಲು ನಿಲ್ದಾಣದ ಬಳಿ ನೆಲೆಯಿಲ್ಲದೆ ಕಾಲ ಕಳೆಯುತ್ತಿದ್ದಾಗ ಹಲವಾರು ಮಕ್ಕಳು ಜ್ವರಕ್ಕೆ ಬಲಿಯಾದರು. ಹಸುಳೆಗಳನ್ನು ಮಣ್ಣುಮಾಡಿದ ಕೈಗಳೇ ಮುಂದೆ ನೇಗಿಲು ಹಿಡಿದವು. 1891ರಲ್ಲಿ ಬ್ಯಾರನ್ ಹಿರ್ಷ್ ಸ್ಥಾಪಿಸಿದ ಯೆಹೂದ್ಯ ವಸಾಹತು ಸಂಘವು ಅವರಿಗೆ ಆಸರೆಯಾಯಿತು.

ಈ ಒಕ್ಕಲಿನವರ ವಂಶಚರಿತ್ರೆಯನ್ನು ಶೋಧಿಸುವುದು ಸುಲಭವಲ್ಲ. ಒಂದೇ ಹೆಸರು ರಷ್ಯನ್, ಯಿದ್ದಿಷ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬೇರೆಬೇರೆ ರೂಪ ತಾಳಿದೆ; ‘ಮೊಯ್ಶೆ’ ಎಂಬವನು ‘ಮೊಯಿಸೆಸ್’ ಆಗಿದ್ದಾನೆ. ಆದುದರಿಂದ ಶೋಧಕರು ಹಡಗಿನ ಪಟ್ಟಿ, ಜಮೀನಿನ ಕರಾರು, ಗೋರಿಗಲ್ಲು ಇವುಗಳನ್ನು ತಾಳೆ ನೋಡುತ್ತಾರೆ. ಕಲ್ಲಿನ ಮೇಲೆ ಮೃತರ ಹೆಸರಿನೊಡನೆ ತಂದೆಯ ಹೆಸರನ್ನೂ ಹೀಬ್ರೂ ಭಾಷೆಯಲ್ಲಿ ಕೆತ್ತುವುದು ವಾಡಿಕೆ; ಗತಿಸಿದ ಹಿರಿಯರ ಹೆಸರನ್ನು ಮಗುವಿಗೆ ಇಡುವುದೂ ಸಂಪ್ರದಾಯ. ಹೀಗೆ ಒಂದು ಕಲ್ಲು ಎರಡು ತಲೆಮಾರುಗಳನ್ನು ಬೆಸೆಯುತ್ತದೆ. ಮೊಮ್ಮಗನ ಹೆಸರು ಅಜ್ಜನ ಸುಳಿವು ನೀಡುತ್ತದೆ.

ಕಾಗದಗಳಾದರೋ ನಶ್ವರ. 1994ರ ಜುಲೈ 18ರಂದು ಬ್ಯೂನಸ್ ಐರಿಸ್ಸಿನ ಯೆಹೂದ್ಯ ಸಮುದಾಯ ಭವನವು ಬಾಂಬಿನಿಂದ ಕುಸಿದು 85 ಮಂದಿ ಮಡಿದರು. ಅಲ್ಲಿದ್ದ ಗ್ರಂಥಭಂಡಾರವೂ ಹೂತುಹೋಯಿತು. ತರುಣರು ಆ ಅವಶೇಷಗಳಿಂದ ಹೊತ್ತಗೆಗಳನ್ನು ಹೆಕ್ಕಿ ಉಳಿಸಿದರು.

ಪಲಾಸಿಯೋಸಿನಲ್ಲಿ ಅಳಿದ ಆ ಮಕ್ಕಳನ್ನು ಅರಸಿ ಬರಲು ಮೊಮ್ಮಕ್ಕಳಿಲ್ಲ. ಅವರ ಒಡಹುಟ್ಟಿದವರ ವಂಶವೃಕ್ಷವನ್ನು ಬರೆಯುವವರು ಅವರಿಗೂ ಒಂದು ಕೊಂಬೆಯನ್ನು ಮೀಸಲಿಟ್ಟಾಗಲೇ ಆ ಚರಿತ್ರೆ ಪೂರ್ಣವಾಗುತ್ತದೆ.